ಮಗುವಿಗೆ ದಡಾರ ಬಂದಾಗ ಕಣ್ಣನ್ನು ಮರೆಯದಿರಿ



ಇಂದು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಂಡು ಈ ಪಾಠವನ್ನು ಆರಂಭಿಸುತ್ತೇನೆ. ಆ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು ಇಲ್ಲಿ ಬೇಡ.

ನಾನು ಗುರುದೀಕ್ಷೆ ಪಡೆದ ಹೊಸತು. ದೊಡ್ಡ ಧರ್ಮಕೇಂದ್ರವೊಂದರಲ್ಲಿ ಸಹಾಯಕ ಗುರುವಾಗಿದ್ದೆ. ತಿಂಗಳಿಗೆ ಎರಡು ಭಾನುವಾರ ಉಪಕೇಂದ್ರಕ್ಕೆ ಹೋಗಿ ಬಲಿಪೂಜೆ ಅರ್ಪಿಸುತ್ತಿದ್ದೆ. ಒಂದು ದಿನ ಪೂಜೆಯ ನಂತರ ಒಬ್ಬ ತಾಯಿ ಬಂದು, "ಸ್ವಾಮಿ, ಮಗೂಗೆ ಅಮ್ಮ ಆಗಿದೆ, ಮನೇಗೆ ಬಂದು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ" ಎಂದರು. ಹೋದೆ. ಬಾಗಿಲಿಗೆ ಬೇವಿನ ಸೊಪ್ಪು, ಒಳಕೋಣೆಯ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ. ಕತ್ತಲೆಯಲ್ಲಿ ಚಾಪೆಯ ಮೇಲೆ ಮೂರು ವರ್ಷದ ಹೆಣ್ಣುಮಗು. ಮೈತುಂಬ ದಡಾರದ ಗುಳ್ಳೆ, ಸುಡುವ ಜ್ವರ. ಕಣ್ಣು ಬಿಡಲಾಗದೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತ್ತು. ಪಥ್ಯವೆಂದು ಐದು ದಿನದಿಂದ ಗಂಜಿಯ ತಿಳಿ ಬಿಟ್ಟು ಬೇರೇನನ್ನೂ ಕೊಟ್ಟಿರಲಿಲ್ಲ. ನಾನು ಪ್ರಾರ್ಥಿಸಿದೆ, ತೀರ್ಥ ಪ್ರೋಕ್ಷಿಸಿದೆ, "ದೇವರಿದ್ದಾರೆ, ಹೆದರಬೇಡಿ" ಎಂದು ಹೇಳಿ ಹೊರಟೆ. ಕಣ್ಣು ಏಕೆ ಬಿಡುತ್ತಿಲ್ಲ ಎಂದು ಕೇಳಲಿಲ್ಲ. ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಹೇಳಲಿಲ್ಲ.

ಎರಡು ವಾರದ ನಂತರ ಮತ್ತೆ ಹೋದಾಗ ಆ ತಾಯಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಗುಳ್ಳೆ ಒಣಗಿತ್ತು, ಜ್ವರ ಬಿಟ್ಟಿತ್ತು. ಆದರೆ ಬಲಗಣ್ಣಿನ ಕಪ್ಪು ಭಾಗದ ಮೇಲೆ ಅಕ್ಕಿಕಾಳಿನಷ್ಟು ಬಿಳುಪು. ಕಣ್ಣು ಕೆಂಪಾಗಿದೆಯೆಂದು ಅಜ್ಜಿ ಯಾವುದೋ ಸೊಪ್ಪಿನ ರಸ ಹಿಂಡಿದ್ದರಂತೆ. ಆಸ್ಪತ್ರೆಗೆ ಕರೆದೊಯ್ದೆವು. ಎಡಗಣ್ಣು ಉಳಿಯಿತು, ಬಲಗಣ್ಣು ಉಳಿಯಲಿಲ್ಲ. "ಹತ್ತು ದಿನ ಮುಂಚೆ ಬಂದಿದ್ದರೆ ಎರಡೂ ಉಳಿಯುತ್ತಿತ್ತೇನೋ" ಎಂದರು ವೈದ್ಯರು. ಎರಡು ವಾರ ಮುಂಚೆ ಆ ಮಗುವಿನ ಪಕ್ಕದಲ್ಲಿ ನಾನೇ ಇದ್ದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಆ ತಾಯಿ ಕೇಳಿದ ಪ್ರಶ್ನೆ ಒಂದೇ: "ಸ್ವಾಮಿ, ನಾವೇನು ಪಾಪ ಮಾಡಿದ್ವಿ?"

ಆ ಪ್ರಶ್ನೆಗೆ ಕೊನೆಯಲ್ಲಿ ಬರೋಣ. ಅಂದು ನನಗೆ ತಿಳಿಯದಿದ್ದುದನ್ನು ನೀವು ಮೊದಲು ತಿಳಿದುಕೊಳ್ಳಬೇಕು.

ದಡಾರ ಕಣ್ಣಿಗೆ ಏನು ಮಾಡುತ್ತದೆ?

ದಡಾರ ಒಂದು ವೈರಸ್ಸಿನಿಂದ ಬರುವ ರೋಗ. ಕೆಲವೆಡೆ ಇದನ್ನು ಗೊಬ್ಬರ ಎಂದೂ, ಅಮ್ಮ ಎಂದೂ ಕರೆಯುತ್ತಾರೆ. ಕೆಮ್ಮು, ಸೀನುಗಳ ಮೂಲಕ ಗಾಳಿಯಲ್ಲಿ ಹರಡುತ್ತದೆ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲೂ ಎರಡು ಗಂಟೆಯವರೆಗೆ ಇರಬಲ್ಲದು. ಲಸಿಕೆ ಹಾಕಿಸಿಕೊಳ್ಳದ, ಹಿಂದೆ ದಡಾರ ಬಾರದ 10 ಜನ ರೋಗಿಯ ಹತ್ತಿರವಿದ್ದರೆ ಅವರಲ್ಲಿ 9 ಮಂದಿಗೆ ತಗಲುತ್ತದೆ. ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಪು ಕಣ್ಣು. ಮೂರು ನಾಲ್ಕು ದಿನಗಳ ಬಳಿಕ ಮುಖದಿಂದ ಆರಂಭವಾಗಿ ಮೈಗೆಲ್ಲ ಇಳಿಯುವ ಕೆಂಪು ಗುಳ್ಳೆಗಳು. ಕೆಂಪು ಕಣ್ಣು ಈ ರೋಗದ ಒಂದು ಭಾಗವೇ ಎಂಬುದನ್ನು ಗಮನಿಸಿ.

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪಟಲವಿದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ಬೆಳಕು ಕಣ್ಣೊಳಗೆ ಹೋಗುವುದು ಅದರ ಮೂಲಕ. ದಡಾರದ ವೈರಸ್ಸು ಈ ಗಾಜಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳನ್ನು ಮಾಡುತ್ತದೆ. ಮಗು ಬೆಳಕು ನೋಡಲಾರದೆ ಮುಖ ತಿರುಗಿಸುವುದು ಇದರಿಂದಲೇ. ಚೆನ್ನಾಗಿ ಉಂಡು ಬೆಳೆದ ಮಗುವಿನಲ್ಲಿ ಈ ಗಾಯಗಳು ತಾವಾಗಿ ಮಾಯುತ್ತವೆ. ಪೋಷಣೆ ಸಾಲದ ಮಗುವಿನಲ್ಲಿ ಹಾಗಾಗುವುದಿಲ್ಲ.

ಕಾರಣ ವಿಟಮಿನ್ ಎ. ಕಣ್ಣಿನ ಮೇಲ್ಪದರವನ್ನು ಒದ್ದೆಯಾಗಿ, ಆರೋಗ್ಯವಾಗಿ ಇಡುವುದು ಈ ಸತ್ವ. ದೇಹ ಅದನ್ನು ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ. ದಡಾರ ಬಂದಾಗ ಜ್ವರದಿಂದ ಖರ್ಚು ಹೆಚ್ಚುತ್ತದೆ, ಭೇದಿಯಿಂದ ನಷ್ಟವಾಗುತ್ತದೆ, ಊಟ ಬಿಟ್ಟದ್ದರಿಂದ ಆದಾಯ ನಿಂತುಹೋಗುತ್ತದೆ. ಅಲ್ಪಸ್ವಲ್ಪ ಕೂಡಿಟ್ಟಿದ್ದ ಮಗುವಿನ ಭಂಡಾರ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ಆಗ ಕಾರ್ನಿಯಾ ಒಣಗಿ, ಮಂಕಾಗಿ, ಹುಣ್ಣಾಗಿ, ಕೆಲವೊಮ್ಮೆ ಒಂದೆರಡು ದಿನದೊಳಗೆ ಕರಗಿಯೇ ಹೋಗುತ್ತದೆ. ದಡಾರ ದೇಹದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವುದರಿಂದ ಬೇರೆ ರೋಗಾಣುಗಳೂ ಆ ಹುಣ್ಣಿಗೆ ಸೇರಿಕೊಳ್ಳುತ್ತವೆ. ಹುಣ್ಣು ಮಾದರೂ ಬಿಳಿ ಕಲೆ ಉಳಿಯುತ್ತದೆ. ಹಳ್ಳಿಯಲ್ಲಿ "ಕಣ್ಣಿಗೆ ಹೂ ಬಿತ್ತು" ಎನ್ನುವುದು ಇದನ್ನೇ.

ವಿಟಮಿನ್ ಎ ಕೊಟ್ಟರೆ ಕಣ್ಣು ಮಾತ್ರವಲ್ಲ, ಪ್ರಾಣವೂ ಉಳಿಯುತ್ತದೆ. 1932ರಲ್ಲಿ ಲಂಡನ್ನಿನಲ್ಲಿ ಜೋಸೆಫ್ ಎಲಿಸನ್ ಎಂಬ ವೈದ್ಯರು ದಡಾರ ಬಂದ 300 ಮಕ್ಕಳಿಗೆ ಈ ಸತ್ವವನ್ನು ಕೊಟ್ಟರು, ಇನ್ನು 300 ಮಕ್ಕಳಿಗೆ ಎಂದಿನ ಚಿಕಿತ್ಸೆ ಮಾತ್ರ ಕೊಟ್ಟರು. ಮೊದಲ ಗುಂಪಿನಲ್ಲಿ 11 ಮಕ್ಕಳು ತೀರಿಕೊಂಡರು, ಎರಡನೆಯದರಲ್ಲಿ 26. ಈ ಪಾಠವನ್ನು ಜಗತ್ತು ಬಹುಕಾಲ ಮರೆತೇಬಿಟ್ಟಿತ್ತು. ಇಂದು ದಡಾರ ಬಂದ ಮಕ್ಕಳಿಗೆ ಸತತ ಎರಡು ದಿನ ವಿಟಮಿನ್ ಎ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ವರ್ಷ ದಾಟಿದ ಮಗುವಿಗೆ ಪ್ರತಿ ಸಲ 2 ಲಕ್ಷ ಯೂನಿಟ್, 6ರಿಂದ 11 ತಿಂಗಳ ಮಗುವಿಗೆ 1 ಲಕ್ಷ, ಇನ್ನೂ ಚಿಕ್ಕ ಕೂಸಿಗೆ 50 ಸಾವಿರ. ಕಣ್ಣಿನಲ್ಲಿ ಕೊರತೆಯ ಗುರುತು ಇದ್ದರೆ ನಾಲ್ಕರಿಂದ ಆರು ವಾರಗಳ ನಂತರ ಮೂರನೆಯ ಸಲ ಕೊಡುತ್ತಾರೆ. ಇದನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಮಿತಿ ಮೀರಿದರೆ ವಿಷವಾಗುತ್ತದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರ ಕೈಯಿಂದಲೇ ಕೊಡಿಸಿ.

ಮನೆಯವರು ಮಾಡಬೇಕಾದದ್ದು, ಮಾಡಬಾರದ್ದು

ಮಗುವಿಗೆ ಜ್ವರದೊಡನೆ ಗುಳ್ಳೆ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ, ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಗುಳ್ಳೆ ಎದ್ದ ನಂತರ ನಾಲ್ಕು ದಿನ ಬೇರೆ ಮಕ್ಕಳಿಂದ ದೂರವಿರಿಸಿ. ಕಣ್ಣು ಕುಕ್ಕುವಷ್ಟು ಬೆಳಕು ಬೇಡ, ನಿಜ. ಆದರೆ ಕತ್ತಲಲ್ಲಿ ಬಚ್ಚಿಟ್ಟು ಕಣ್ಣನ್ನು ನೋಡದೇ ಇರಬೇಡಿ. ದಿನಕ್ಕೆರಡು ಸಲ ಕೈ ತೊಳೆದುಕೊಂಡು, ಕುದಿಸಿ ಆರಿಸಿದ ನೀರಿನಲ್ಲಿ ಶುಭ್ರ ಬಟ್ಟೆ ಅದ್ದಿ ರೆಪ್ಪೆಗಳನ್ನು ಮೆಲ್ಲನೆ ಒರೆಸಿ, ಕಣ್ಣನ್ನು ನೋಡಿ. ಕಪ್ಪು ಭಾಗ ಹೊಳೆಯುತ್ತಿದೆಯೇ, ಮಂಕಾಗಿದೆಯೇ? ಮಂಕಾಗಿದ್ದರೆ, ಬಿಳುಪು ಕಂಡರೆ, ಕೀವು ಬಂದರೆ, ಮಗು ಕಣ್ಣನ್ನೇ ಬಿಡದಿದ್ದರೆ ನಾಳೆಗೆಂದು ಕಾಯಬೇಡಿ. ಕಣ್ಣಿನ ಆಸ್ಪತ್ರೆಗೆ ಆ ದಿನವೇ ಹೊರಡಿ.

ಸೊಪ್ಪಿನ ರಸ, ನಂದಿಬಟ್ಟಲು ಹೂವಿನ ರಸ, ಎದೆಹಾಲು, ಜೇನು, ಎಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ತೀರ್ಥವನ್ನೂ ಬಿಡಬೇಡಿ! ತೀರ್ಥದಿಂದ ಹಣೆಗೆ ಶಿಲುಬೆಯ ಗುರುತು ಹಾಕಿ, ಸಾಕು. ಔಷಧಿ ಅಂಗಡಿಯವರು ಕೊಡುವ ಯಾವುದೋ ಕೆಂಗಣ್ಣಿನ ಹನಿಯೂ ಬೇಡ. ಅಂಥ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಕೆಲವು ವೈರಸ್ಸಿನ ಹುಣ್ಣುಗಳಿಗೆ ಅದು ಉರಿಯುವ ಒಲೆಗೆ ತುಪ್ಪ ಸುರಿದಂತೆ.

ಪಥ್ಯದ ಹೆಸರಿನಲ್ಲಿ ಮಗುವನ್ನು ಉಪವಾಸ ಕೆಡವಬೇಡಿ. ಎದೆಹಾಲು ನಿಲ್ಲಿಸಬೇಡಿ. ಹಾಲು, ಮೊಟ್ಟೆ, ಬೇಳೆಕಟ್ಟು, ಪಪ್ಪಾಯಿ, ಸಿಹಿಗುಂಬಳ, ನುಗ್ಗೆಸೊಪ್ಪು, ಹರಿವೆಸೊಪ್ಪು ಇವುಗಳಲ್ಲಿ ಮಗುವಿಗೆ ಸೇರಿದ್ದನ್ನು ಮೆತ್ತಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಿ. ಹಿತ್ತಲಿನ ನುಗ್ಗೆಮರ ಬಡವರ ಔಷಧಾಲಯ. ಅದರ ಕಾಯಿ ಮಾರಿ ಸೊಪ್ಪನ್ನು ಆಡಿಗೆ ಹಾಕುವ ಮನೆಗಳನ್ನು ನಾನು ಕಂಡಿದ್ದೇನೆ.

ರೋಗ ಬರುವ ಮೊದಲೇ ಮಗುವಿನ ಕಣ್ಣು ಎಚ್ಚರಿಕೆ ಕೊಡುವುದುಂಟು. ಸಂಜೆಯಾಗುತ್ತಲೇ ತಟ್ಟೆ, ಚೆಂಡು ಹುಡುಕಲು ತಡವರಿಸುವುದು ಇರುಳುಗಣ್ಣಿನ ಲಕ್ಷಣ. ಬಿಳಿಗುಡ್ಡೆಯ ಮೇಲೆ ಸೋಪಿನ ನೊರೆಯಂಥ ಮಚ್ಚೆ ಇನ್ನೊಂದು ಲಕ್ಷಣ. ಎರಡೂ ವಿಟಮಿನ್ ಎ ಕೊರತೆಯವು. ನಮ್ಮ ದೇಶದಲ್ಲಿ 1970ರಿಂದಲೇ ಮಕ್ಕಳಿಗೆ ಈ ಸತ್ವದ ದ್ರವ ಕುಡಿಸುವ ಕಾರ್ಯಕ್ರಮವಿದೆ. 9 ತಿಂಗಳಿಗೆ ಮೊದಲನೆಯದು, ಅನಂತರ ಆರು ತಿಂಗಳಿಗೊಮ್ಮೆ, ಐದು ವರ್ಷ ತುಂಬುವವರೆಗೆ ಒಟ್ಟು 9 ಸಲ. ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು ಎಷ್ಟಾಗಿದೆ ಎಂದು ಇವತ್ತೇ ಎಣಿಸಿ.

ಹುಟ್ಟುವ ಮೊದಲೇ ತಗಲುವ ರೋಗ

ದಡಾರಕ್ಕೆ ಒಂದು ತಂಗಿಯಿದೆ. ರುಬೆಲ್ಲಾ ಎಂದು ಹೆಸರು. ಮಕ್ಕಳಿಗೆ ಬಂದರೆ ಎರಡು ಮೂರು ದಿನದ ಸಣ್ಣ ಜ್ವರ, ತಿಳಿಗೆಂಪು ಗುಳ್ಳೆ, ಅಷ್ಟೇ. ಬಂದದ್ದೇ ಗೊತ್ತಾಗದಿರಬಹುದು. ಆದರೆ ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ಬಂದರೆ ವೈರಸ್ಸು ಗರ್ಭದ ಶಿಶುವನ್ನು ತಲುಪುವ ಸಂಭವ 10ರಲ್ಲಿ 9ರವರೆಗೂ ಇರುತ್ತದೆ.

ಇದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್. ಹುಟ್ಟುತ್ತಲೇ ಕಣ್ಣಿನ ಪೊರೆಯಿದ್ದ ಕೂಸುಗಳು ಒಂದರ ಮೇಲೊಂದು ಅವರ ಬಳಿ ಬರತೊಡಗಿದವು. ಆ ತಾಯಂದಿರು ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾದಿಂದ ಮಲಗಿದ್ದರು ಎಂಬುದು ವಿಚಾರಿಸಿದಾಗ ತಿಳಿಯಿತು. 1941ರಲ್ಲಿ ಅವರು 78 ಶಿಶುಗಳ ವಿವರವನ್ನು ಪ್ರಕಟಿಸಿದರು. ಒಬ್ಬ ವೈದ್ಯ ತಾಯಂದಿರ ಮಾತಿಗೆ ಕಿವಿಗೊಟ್ಟದ್ದರಿಂದ ಜಗತ್ತು ಇದನ್ನು ತಿಳಿಯಿತು. ಇಂಥ ಶಿಶುಗಳಿಗೆ ಕಣ್ಣಿನ ಪೊರೆ, ಕಣ್ಣಿನ ಒತ್ತಡ, ಚಿಕ್ಕ ಕಣ್ಣು ಇರಬಹುದು. ಕಿವುಡುತನ, ಹೃದಯದ ದೋಷ ಕೂಡ ಇರಬಹುದು.

ಹುಟ್ಟಿದ ಕೂಸಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ "ದೊಡ್ಡದಾಗಲಿ, ಆಮೇಲೆ ನೋಡೋಣ" ಎನ್ನಬೇಡಿ. ನೋಡುವುದನ್ನು ಮಿದುಳು ಕಲಿಯುವುದು ಹುಟ್ಟಿದ ಮೊದಲ ತಿಂಗಳುಗಳಲ್ಲಿ. ಆಗ ಬೆಳಕು ಒಳಗೆ ಹೋಗದಿದ್ದರೆ ಮುಂದೆ ಪೊರೆ ತೆಗೆದರೂ ಪೂರ್ತಿ ದೃಷ್ಟಿ ಬಾರದು. ಕಿವಿಯನ್ನೂ ಪರೀಕ್ಷೆ ಮಾಡಿಸಿ. ಆ ಮಗು ನಿಮ್ಮ ಮನೆಗೆ ಬಂದ ಶಾಪವಲ್ಲ. ದೇವರ ರೂಪದಲ್ಲಿ ಸೃಷ್ಟಿಯಾದ, ಜ್ಞಾನಸ್ನಾನದ ಹಕ್ಕುಳ್ಳ, ನಮ್ಮೆಲ್ಲರ ಮಗು.

ಲಸಿಕೆ ಮತ್ತು ನಮ್ಮ ಮನಸ್ಸಾಕ್ಷಿ

ಈ ಎರಡೂ ರೋಗಗಳಿಗೆ ಲಸಿಕೆಯಿದೆ. ದಡಾರದ ಲಸಿಕೆ 1985ರಿಂದ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆಯ ಅಭಿಯಾನ ಮೊದಲು ಆರಂಭವಾದ ಪ್ರದೇಶಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಈಗ ಮಗುವಿಗೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಉಚಿತವಾಗಿ ಕೊಡುತ್ತಾರೆ. ಒಂದೇ ಸಲ ಹಾಕಿಸಿ ಸುಮ್ಮನಾಗಬೇಡಿ. ಎರಡನೆಯದು ತಪ್ಪಿಹೋದ ಮಕ್ಕಳೇ ಹಲವರು. ರೋಗ ದೂರವಾಯಿತೆಂದು ತಿಳಿಯಬೇಡಿ: 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹರಡಿ ಮಕ್ಕಳು ಪ್ರಾಣ ಕಳೆದುಕೊಂಡರು.

ಮದುವೆ ನಿಶ್ಚಯವಾದ ಹೆಣ್ಣುಮಕ್ಕಳು ರುಬೆಲ್ಲಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳುವುದು ಒಳ್ಳೆಯದು. ಲಸಿಕೆ ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ಧರಿಸಬಾರದು. ಗರ್ಭಿಣಿಗೆ ಈ ಲಸಿಕೆ ಕೊಡುವುದಿಲ್ಲ. ಬಸುರಿಯೆಂದು ತಿಳಿಯದೆ ಹಾಕಿಸಿಕೊಂಡಿದ್ದರೂ ಭಯಪಡಬೇಡಿ. ಆ ಲಸಿಕೆಯಿಂದ ಶಿಶುವಿಗೆ ಇಂಥ ದೋಷ ಬಂದದ್ದು ಕಂಡುಬಂದಿಲ್ಲ. ಆ ಕಾರಣಕ್ಕೆ ಗರ್ಭಪಾತದ ಮಾತನ್ನು ಯಾರು ಎತ್ತಿದರೂ ಕಿವಿಗೊಡಬೇಡಿ.

ಕೆಲವು ವಿಶ್ವಾಸಿಗಳು ನನ್ನನ್ನು ಮೆಲ್ಲಗೆ ಕೇಳಿದ್ದಾರೆ: "ಸ್ವಾಮಿ, ರುಬೆಲ್ಲಾ ಲಸಿಕೆಗೂ ಗರ್ಭಪಾತಕ್ಕೂ ಸಂಬಂಧವಿದೆಯಂತೆ, ನಾವು ಹಾಕಿಸಬಹುದಾ?" ಪ್ರಶ್ನೆ ನ್ಯಾಯವಾದದ್ದು, ಮುಚ್ಚಿಡಬಾರದು. 1960ರ ದಶಕದಲ್ಲಿ ನಡೆದ ಗರ್ಭಪಾತದ ಭ್ರೂಣದಿಂದ ತೆಗೆದ ಜೀವಕೋಶಗಳ ಪೀಳಿಗೆಯಲ್ಲಿ ಈ ಲಸಿಕೆಯ ವೈರಸ್ಸನ್ನು ಬೆಳೆಸುತ್ತಾರೆ ಎಂಬುದು ನಿಜ. ಆ ಗರ್ಭಪಾತವನ್ನು ಲಸಿಕೆಗಾಗಿ ಮಾಡಿದ್ದಲ್ಲ, ಲಸಿಕೆಗಾಗಿ ಹೊಸ ಗರ್ಭಪಾತವೂ ಬೇಕಿಲ್ಲ. ವ್ಯಾಟಿಕನ್ನಿನ ಜೀವರಕ್ಷಣೆಯ ಪೀಠ ಈ ವಿಷಯವನ್ನು 2005ರಲ್ಲಿ ಪರಿಶೀಲಿಸಿತು. ಬೇರೆ ಲಸಿಕೆ ಸಿಗದಿರುವಾಗ ಮಕ್ಕಳ ಮತ್ತು ಗರ್ಭಿಣಿಯರ ರಕ್ಷಣೆಗಾಗಿ ಇದನ್ನು ಬಳಸಬಹುದು, ಜೊತೆಗೆ ದೋಷವಿಲ್ಲದ ಲಸಿಕೆ ತಯಾರಿಸುವಂತೆ ಒತ್ತಾಯಿಸುತ್ತಿರಬೇಕು ಎಂಬುದು ಅದರ ನಿಲುವು. 2017ರಲ್ಲಿ ಅದೇ ಪೀಠ, ಇಂಥ ಲಸಿಕೆ ಹಾಕಿಸುವುದು ಗರ್ಭಪಾತಕ್ಕೆ ಸಹಕರಿಸಿದಂತೆ ಆಗುವುದಿಲ್ಲ ಎಂದು ಇನ್ನೂ ಸ್ಪಷ್ಟವಾಗಿ ಹೇಳಿತು. ರುಬೆಲ್ಲಾ ಹರಡಲು ಬಿಟ್ಟರೆ ಪೆಟ್ಟು ಬೀಳುವುದು ನೆರೆಮನೆಯ ಗರ್ಭದಲ್ಲಿರುವ ಶಿಶುವಿಗೆ. ಗರ್ಭದ ಶಿಶುವನ್ನು ರಕ್ಷಿಸಬೇಕೆನ್ನುವ ನಾವು ಇದನ್ನು ಮರೆಯಲಾಗದು.

ಬೇರೆ ಕೆಲವು ಜ್ವರಗಳು

ಸೀತಾಳೆ ಸಿಡುಬು, ಮಂಗನಬಾವು, ಸಾಮಾನ್ಯ ವೈರಸ್ ಜ್ವರ ಇವುಗಳ ನಂತರ ಒಂದೆರಡು ವಾರಕ್ಕೆ ಅಪರೂಪವಾಗಿ ಕೆಲವು ಮಕ್ಕಳ ಕಣ್ಣಿನ ನರಕ್ಕೆ ಊತ ಬರುತ್ತದೆ. ಹೊರಗಿನಿಂದ ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ಮಗು "ಟೀಚರ್ ಬರೆದದ್ದು ಕಾಣುತ್ತಿಲ್ಲ" ಎನ್ನುತ್ತದೆ, ಬಣ್ಣ ಮಾಸಿದಂತಿದೆ ಎನ್ನುತ್ತದೆ. ಓದಲು ಸೋಮಾರಿತನ ಎಂದು ಗದರಿಸಬೇಡಿ. ಬೇಗ ತೋರಿಸಿದರೆ ಹೆಚ್ಚಿನ ಮಕ್ಕಳಲ್ಲಿ ದೃಷ್ಟಿ ಮರಳುತ್ತದೆ. ಮದ್ರಾಸ್ ಐ ಎನ್ನುವ ಕೆಂಗಣ್ಣು ಸಾಮಾನ್ಯವಾಗಿ ತಾನೇ ವಾಸಿಯಾಗುವುದಾದರೂ, ದೃಷ್ಟಿ ಮಂಕಾದರೆ ಅಥವಾ ಬೆಳಕಿಗೆ ನೋವಾದರೆ ಅದೂ ವೈದ್ಯರ ಕೆಲಸ. ದಡಾರ ವಾಸಿಯಾಗಿ 7ರಿಂದ 10 ವರ್ಷಗಳ ಬಳಿಕ ಮಿದುಳಿಗೆ ಬರುವ ಒಂದು ಭೀಕರ ರೋಗವೂ ಇದೆ. ಅದು ಬಹಳ ಅಪರೂಪ, ಆದರೆ ಅದನ್ನು ಗುಣಪಡಿಸುವ ಔಷಧಿಯಿಲ್ಲ. ಕೆಲವು ಮಕ್ಕಳಲ್ಲಿ ಅದರ ಮೊದಲ ಲಕ್ಷಣ ದೃಷ್ಟಿ ಕುಂದುವುದೇ. ಅದಕ್ಕೆ ತಡೆ ಒಂದೇ, ದಡಾರ ಬಾರದಂತೆ ಲಸಿಕೆ.

ಯಾರ ಪಾಪ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಅದು ಹೊಸ ಪ್ರಶ್ನೆಯಲ್ಲ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ತೆರೆಯಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ, ಇವನ ತಂದೆತಾಯಿಯರ ಪಾಪವೋ ಎಂದು ಯೇಸುವನ್ನು ಕೇಳುತ್ತಾರೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾರೆ. ಅಲ್ಲಿಗೇ ನಿಲ್ಲಿಸದೆ, ಬಗ್ಗಿ ಮಣ್ಣನ್ನು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೋವಾಮಿನ ಕೊಳಕ್ಕೆ ಹೋಗಿ ತೊಳೆದುಕೋ ಎಂದು ಕಳುಹಿಸುತ್ತಾರೆ. ಶಿಷ್ಯರು ಕಾರಣ ಹುಡುಕುತ್ತಿದ್ದಾಗ ಯೇಸು ಕೆಲಸಕ್ಕೆ ಕೈಹಾಕಿದರು. ಆ ಕುರುಡನೂ ಕುಳಿತಲ್ಲೇ ಕುಳಿತಿರಲಿಲ್ಲ, ಎದ್ದು ನಡೆದ.

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ತೊಬೀತನ ಕಥೆಯಿದೆ. ಸತ್ತವರನ್ನು ಹೂಳುವ ಪುಣ್ಯಕಾರ್ಯ ಮಾಡಿ ಬಂದು ಮಲಗಿದ್ದಾಗಲೇ ಹಕ್ಕಿಯ ಹಿಕ್ಕೆ ಬಿದ್ದು ಅವನ ಕಣ್ಣಿಗೆ ಬಿಳುಪು ಬಂತು. ಗ್ರೀಕ್ ಮೂಲದಲ್ಲಿ ಆ ಬಿಳುಪಿಗೆ ಇರುವ ಪದವನ್ನೇ ಇಂದಿನ ಕಣ್ಣಿನ ವೈದ್ಯರೂ ಕಾರ್ನಿಯಾದ ಬಿಳಿ ಕಲೆಗೆ ಬಳಸುತ್ತಾರೆ: ಲ್ಯೂಕೋಮ. ಹಚ್ಚಿದ ಲೇಪಗಳಿಂದ ಅವನ ಕಣ್ಣು ಇನ್ನೂ ಕೆಟ್ಟಿತು ಎನ್ನುತ್ತದೆ ಆ ಗ್ರಂಥ. ಅವನು ಪಾಪಿಯಾಗಿದ್ದನೇ? ಇಲ್ಲ, ಊರಿಗೇ ಧರ್ಮಿಷ್ಠ. ಕೊನೆಗೆ ದೇವರು ಕಳುಹಿಸಿದ ರಫಾಯೇಲನು ಮಗನ ಕೈಯಿಂದ, ಮೀನಿನ ಪಿತ್ತದಿಂದ ಅವನ ಕಣ್ಣು ತೆರೆಸಿದ. ದೇವದೂತನೂ ಔಷಧಿಯನ್ನೇ ಬಳಸಿದ!

ಸಂತ ತೋಮಸ್ ಅಕ್ವಿನಾಸರು ಕಲಿಸಿದ ಒಂದು ಸತ್ಯವನ್ನು ಗುರುಮಠದಲ್ಲಿ ನಾವು ಓದಿದ್ದೆವು: ದೇವರು ತಮ್ಮ ಸೃಷ್ಟಿಯ ಮೂಲಕವೇ ಕೆಲಸ ಮಾಡುತ್ತಾರೆ, ಸೃಷ್ಟಿಗೆ ಕಾರಣವಾಗುವ ಗೌರವವನ್ನು ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ನಾನದನ್ನು ಚೆನ್ನಾಗಿಯೇ ಬರೆದಿದ್ದೆ. ಆ ಕತ್ತಲೆ ಕೋಣೆಯಲ್ಲಿ ಮರೆತೆ. ಪ್ರಾರ್ಥಿಸಿದ್ದು ತಪ್ಪಲ್ಲ. ಪ್ರಾರ್ಥಿಸಿ ಎದ್ದ ಮೇಲೆ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತದೆ ಇದ್ದದ್ದು ತಪ್ಪು. "ದೇವರ ಚಿತ್ತ" ಎಂಬ ದೊಡ್ಡ ಮಾತನ್ನು ನಮ್ಮ ಅಜಾಗ್ರತೆಗೆ ಹೊದಿಕೆ ಮಾಡಬಾರದು. ಪಾಪವೆಂದು ಯಾವುದಾದರೂ ಇದ್ದರೆ ಅದು ಆ ತಾಯಿಯದಲ್ಲ. ತಿಳಿದಿರಬೇಕಾಗಿದ್ದ, ತಿಳಿಯದೆ ಹೋದ ನನ್ನಂಥವರದು.

ಆ ಹುಡುಗಿ ಈಗ ಪದವಿ ತರಗತಿಯಲ್ಲಿದ್ದಾಳೆ. ಚಿಕ್ಕ ಮಕ್ಕಳಿಗೆ ಕಾರ್ನಿಯಾ ಕಸಿ ಸುಲಭವಲ್ಲ, ಅವರ ದೇಹ ಅದನ್ನು ತಿರಸ್ಕರಿಸುವ ಸಂಭವ ಹೆಚ್ಚು. ದೊಡ್ಡವಳಾದ ಮೇಲೆ ನೋಡೋಣ ಎಂದು ವೈದ್ಯರು ಹೇಳಿದ್ದರು. ಆದರೆ ಎಳವೆಯಲ್ಲಿ ಬೆಳಕು ಕಾಣದ ಆ ಕಣ್ಣು ಎಷ್ಟು ನೋಡಲು ಕಲಿತೀತು ಎಂದು ಯಾರೂ ಭರವಸೆ ಕೊಡುತ್ತಿಲ್ಲ. ಆದರೂ ಕಸಿಯಿಂದ ದೃಷ್ಟಿ ಪಡೆಯಬಲ್ಲವರು ಅನೇಕರು ಕಾದಿದ್ದಾರೆ. ಸತ್ತ ಆರು ಗಂಟೆಯೊಳಗೆ ನೇತ್ರಗಳನ್ನು ದಾನ ಮಾಡಬಹುದು. ಅಂಗದಾನವನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1995ರ ತಮ್ಮ ವಿಶ್ವಪತ್ರದಲ್ಲಿ ಮೆಚ್ಚಿ ಬರೆದಿದ್ದಾರೆ. ನಮ್ಮ ನಾಡಿನಲ್ಲಿ ಡಾ. ರಾಜ್‌ಕುಮಾರ್ 2006ರಲ್ಲಿ, ಅವರ ಮಗ ಪುನೀತ್ 2021ರಲ್ಲಿ ಕಣ್ಣುಗಳನ್ನು ಬಿಟ್ಟುಹೋದರು. ಪುನರುತ್ಥಾನವನ್ನು ನಂಬುವ ನಾವು ಇದಕ್ಕೆ ಹಿಂಜರಿಯಬೇಕಾಗಿಲ್ಲ.

ಈಗ ನಾನು ರೋಗಿಗಳ ಮನೆಗೆ ಹೋದಾಗ ಮೊದಲು ಕಿಟಕಿ ತೆರೆಸುತ್ತೇನೆ. ಮಗುವಿನ ಕಣ್ಣು ನೋಡುತ್ತೇನೆ. ಊಟ ಏನು ಕೊಟ್ಟಿರಿ, ಲಸಿಕೆ ಎಷ್ಟಾಯಿತು ಎಂದು ಕೇಳುತ್ತೇನೆ. ಆಮೇಲೆ ಪ್ರಾರ್ಥನೆ.

ಮನೆಯಲ್ಲಿ ಜಪಸರದ ನಂತರ ಚರ್ಚಿಸಿ:

1. ನಮ್ಮ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಎರಡೂ ಸಲ ಆಗಿದೆಯೇ? ವಿಟಮಿನ್ ಎ ಎಷ್ಟು ಸಲ ಆಗಿದೆ?

2. ನಮ್ಮ ಬೀದಿಯಲ್ಲಿ, ಕೂಲಿಗಾಗಿ ಬಂದು ಗುಡಿಸಲು ಹಾಕಿಕೊಂಡಿರುವವರಲ್ಲಿ ತಾಯಿ ಕಾರ್ಡೇ ಇಲ್ಲದ ಮಕ್ಕಳಿದ್ದಾರೆಯೇ? ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವವರು ಯಾರು?

3. ಕಣ್ಣಿಲ್ಲದ, ಕಿವಿ ಕೇಳಿಸದ ಮಗುವಿರುವ ಮನೆಯವರೊಡನೆ "ಇದು ಯಾರ ಪಾಪ" ಎಂಬಂಥ ಮಾತನ್ನು ನಾವೆಂದಾದರೂ ಆಡಿದ್ದೇವೆಯೇ? ಆಡಿದ್ದರೆ ಹೋಗಿ ಕ್ಷಮೆ ಕೇಳೋಣ.

ಡಿಸೆಂಬರ್ 13 ಕಣ್ಣುಗಳ ಪಾಲಕಿ ಸಂತ ಲೂಸಿಯಮ್ಮನವರ ಹಬ್ಬ. ಅಂದು ಮಕ್ಕಳಿಗಾಗಿ ಮೇಣದಬತ್ತಿ ಹಚ್ಚುವವರು ಅದೇ ವಾರ ಒಂದು ಮಗುವಿಗೆ ಲಸಿಕೆ ಹಾಕಿಸಿಯೂ ಬನ್ನಿ.